ಟರ್ಬೊ ಮಾಮಾ

ಟರ್ಬೊ ಮಾಮಾನ ಕಾರು ತಯಾರಾಗಿದೆ. ಟ್ಯೂನಿಂಗ್ ಒಂದು ಬಾಕಿ. ಈ ಮಾತು ಗೋಕಾಕದ ಚಹಾದಂಗಡಿಗಳಲ್ಲಿ ಎಷ್ಟು ಹಳತೆಂದರೆ, ಮೊದಲ ಸಲ ಕೇಳಿದಾಗ ಚಡ್ಡಿಯಲ್ಲಿದ್ದ ಹುಡುಗರು ಈಗ ಡ್ರೈವಿಂಗ್ ಲೈಸೆನ್ಸು ಮಾಡಿಸಿಕೊಂಡು ಕೇಳುತ್ತಿದ್ದಾರೆ. ಮಾಮಾ ಒಬ್ಬ ವ್ಯಕ್ತಿಯಲ್ಲ, ಒಂದು ಜಾತಿ. ಎಲ್ಲಿ ತಗಡಿನ ಶೆಡ್ಡಿನೊಳಗೆ ಬಾನೆಟ್ ಇಲ್ಲದ ಕಾರೊಂದು ನಿಂತಿದೆಯೋ, ಅದರ ಸುತ್ತ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿವೆಯೋ, ಅಲ್ಲಿ ಅವನಿದ್ದಾನೆ.

ಕಾರು ಹಳೆಯ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಕಂಪನಿ ಕೊಟ್ಟದ್ದು 37 ಹಾರ್ಸ್ ಪವರ್. ಅದಕ್ಕೆ ಮಾಮಾ ಗುಜರಿಯಿಂದ ತಂದ ಸ್ವಿಫ್ಟ್ ಡೀಸೆಲ್ಲಿನ ಟರ್ಬೊ ಕೂರಿಸಿದ್ದಾನೆ. ಬೆಸುಗೆ ಸ್ವಂತದ್ದು, ಧೈರ್ಯವೂ ಸ್ವಂತದ್ದು. ಎಂಜಿನ್ ಹೊರಗೆ ಉಗುಳುವ ಬಿಸಿಗಾಳಿಯ ರಭಸಕ್ಕೆ ಒಂದು ಚಕ್ರ ತಿರುಗಿ, ಅದೇ ದಂಡಿಗೆ ಕೂಡಿಸಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ ಎಂದು ಯಾರೋ ಹೇಳಿದರೆ ಮಾಮಾ ನಗುತ್ತಾನೆ: “ಪೇಟೆಂಟ್ ಅಂವಂದ ಇರಲಿ. ನಮ್ಮ ಫಾಲ್ಸಿನ ನೀರು 1887ರಾಗನ ಟರ್ಬೈನ್ ತಿರಿವಿ ಗಿರಣಿ ನಡಸೇತಿ. ಗೋಕಾಂವಿಯವ್ರಿಗೆ ಟರ್ಬೈನ್ ಹೇಳಿಕೊಡಾಕ ಬರಬ್ಯಾಡ್ರಿ.”

ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಕಿಡಿ ಹಾರುವ ಹೊತ್ತು ತುಸು ಹಿಂದೆ ಸರಿಯಬೇಕು. ಇಲ್ಲದಿದ್ದರೆ ಮಿಶ್ರಣ ಹೇಳದೆ ಕೇಳದೆ ತಾನೇ ಸಿಡಿದು, ಎಂಜಿನ್ ಕಟಕಟ ಎಂದು, ಕೊನೆಗೆ ಪಿಸ್ಟನ್ನಿಗೆ ತೂತು ಬೀಳುತ್ತದೆ. ಕಾರಿನ ಮೂಲ ಕಂಪ್ಯೂಟರಿಗೆ ಟರ್ಬೊ ಎಂಬುದೊಂದಿದೆ ಎಂದೇ ಗೊತ್ತಿಲ್ಲ. ಹಾಗಾಗಿ ಪೆಟ್ರೋಲು, ಕಿಡಿ ಎರಡನ್ನೂ ಹೊಸದಾಗಿ ಹೊಂದಿಸಬೇಕು. ಹೇಗೆ ಎಂಬಲ್ಲಿ ಕಥೆ ನಿಂತಿದೆ.

ಗೋಕಾಕದ ಹಿರಿಯ ಮಿಸ್ತ್ರಿಗಳದ್ದು ಕಿವಿಯ ಪದ್ಧತಿ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ, “ಇನ್ನಾ ಜರಾ ಎಣ್ಣಿ ಬೇಕಂತೈತಿ” ಎನ್ನುತ್ತಾರೆ. ಎಂಜಿನ್ ಕೇಳಿದ್ದನ್ನು ಅವರು ಕೇಳಿಸಿಕೊಂಡಿದ್ದಾರೆ. ನಡುವೆ ಬಾಯಿ ಹಾಕಲು ನಾವು ಯಾರು?

ಮೂಡಲಗಿಯದ್ದು ಟ್ರ್ಯಾಕ್ಟರ್ ಪದ್ಧತಿ. ಎರಡು ಟ್ರೇಲರ್ ಕಬ್ಬು ಜಗ್ಗುವ ಗಾಡಿಗಳ ಪಂಪ್ ತಿರುವಿ ಪಳಗಿದ ಕೈಗಳು ಅಲ್ಲಿವೆ. “ಎಣ್ಣಿ ಏರಸ್ರಿ, ಕರೀ ಹೊಗಿ ಬಂತಂದ್ರ ತಾಕತ್ತ ಬಂತಂತ ತಿಳೀರಿ.” ಡೀಸೆಲ್ಲಿನಲ್ಲಿ ಎಣ್ಣೆ ಏರಿಸಿದರೆ ಒಂದು ಮಟ್ಟದವರೆಗೆ ಬಲ ಏರುವುದು ನಿಜ. ಪೆಟ್ರೋಲ್ ಎಂಜಿನ್ನಿಗೆ ಅದೇ ಮಾತು ಹೇಳುವುದು ಎಮ್ಮೆಯ ಔಷಧವನ್ನು ಆಡಿಗೆ ಕುಡಿಸಿದಂತೆ. ಆದರೆ ಮಾಮಾ ಇದನ್ನೂ ತಳ್ಳಿಹಾಕುವುದಿಲ್ಲ. ಹಿರಿಯರು ಹೇಳಿದ್ದಾರೆ, ಇರಲಿ, ನೋಡೋಣ.

ಹುಕ್ಕೇರಿಯಲ್ಲಿ ಅಕ್ಕನ ಮಗ ಇದ್ದಾನೆ, ಎಂಜಿನಿಯರಿಂಗ್ ಓದುತ್ತಾನೆ. ಅವನದ್ದು ಲ್ಯಾಪ್‌ಟಾಪ್ ಪದ್ಧತಿ. ಸ್ಪೀಡುಯಿನೊ ಎಂಬ, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಬೋರ್ಡು ತರಿಸಿದ. ಪರದೆಯ ಮೇಲೆ ಅಡ್ಡ ಹದಿನಾರು, ಉದ್ದ ಹದಿನಾರು, ಒಟ್ಟು 256 ಮನೆಗಳ ಕೋಷ್ಟಕ ತೆರೆದ. ಇಷ್ಟು ವೇಗ, ಇಷ್ಟು ಒತ್ತಡ ಇದ್ದಾಗ ಇಷ್ಟು ಪೆಟ್ರೋಲ್ ಎಂದು ಮನೆ ಮನೆಗೂ ಒಂದು ಅಂಕಿ. ಕಿಡಿಗೆ ಇನ್ನೊಂದು ಕೋಷ್ಟಕ. “ಒಂದ್ ಪಿಎಸ್‌ಐ ಏರಿಸಿದ್ರ ಟೈಮಿಂಗ್ ಒಂದ್ ಡಿಗ್ರಿ ಹಿಂದ ತಗೋಬೇಕು ಮಾಮಾ, ಸುರುವಿಗೆ ಅಷ್ಟ ಸಾಕು” ಎಂದ. ಮಾಮಾ ಕೋಷ್ಟಕವನ್ನು ಬಹಳ ಹೊತ್ತು ಗೌರವದಿಂದ ನೋಡಿ ಹೇಳಿದ: “ಚಲೋ ಆತು. ಒಂದೊಂದ ಮನೀಗೆ ಒಬ್ಬೊಬ್ಬರನ್ನ ಕೇಳೂಣು.”

ಡೈನೊ ಎಂಬ ದಾರಿಯೂ ಇದೆ. ಪುಣೆಗೋ ಬೆಂಗಳೂರಿಗೋ ಒಯ್ದು, ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿದರೆ ಎಷ್ಟು ಬಲವೆಂದು ಕಾಗದದ ಮೇಲೆಯೇ ಬರುತ್ತದೆ. ಮಾಮಾನಿಗೆ ಬೇಡವಾದದ್ದು ಆ ಕಾಗದವೇ. ಅವನು ಊರಿಗೆಲ್ಲ 100 ಹಾರ್ಸ್ ಪವರ್ ಎಂದು ಹೇಳಿ ಮುಗಿಸಿದ್ದಾನೆ. ಗಾಳಿಯ ಸಹಜ ಒತ್ತಡ 14.7 ಪಿಎಸ್‌ಐ, ಟರ್ಬೊ ಅದಕ್ಕೆ 7 ಸೇರಿಸಿದರೆ ಗಾಳಿ ಹೆಚ್ಚೆಂದರೆ ಒಂದೂವರೆ ಪಟ್ಟು, 37 ಎಂಬುದು 55ರ ಆಸುಪಾಸು. ಉಳಿದ 45 ಎಲ್ಲಿಂದ ಬರಬೇಕೆಂದು ಅಳಿಯ ಕೇಳಿದ್ದಕ್ಕೆ, “ರೋಲರ್ ಮ್ಯಾಲೆ ಓಡಿದ್ರ ಊರ ಮಂದಿಗೆ ಹ್ಯಾಂಗ ಕಾಣಬೇಕಲೇ?” ಎಂಬ ಉತ್ತರ ಬಂತು.

ಈ ನಡುವೆ ಪೆಟ್ರೋಲೇ ಬದಲಾಯಿತು. ಬಂಕಿನಲ್ಲೀಗ ಶೇ. 20 ಎಥೆನಾಲ್ ಬೆರೆತದ್ದು. ಎಥೆನಾಲ್ ತಂಪು, ಕಟಕಟವನ್ನು ತಡೆಯುತ್ತದೆ. ಆದರೆ ಅಷ್ಟೇ ಗಾಳಿಗೆ ಹೆಚ್ಚು ಸುರಿಯಬೇಕು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಿಟ್ಟಾಗ ಕಟಕಟ ತಡೆಯಲು ನೀರು–ಮೆಥನಾಲ್ ತುಂಬಿದ ಬೇರೆ ಟ್ಯಾಂಕನ್ನೇ ಇಟ್ಟಿತ್ತು. ಕೊಂಡವರು ಅದನ್ನು ತುಂಬಿಸಲು ಮರೆತರು. ಮರುವರ್ಷವೇ ಆ ಕಾರು ನಿಂತಿತು. “ನಮಗ ಆ ತ್ರಾಸಿಲ್ಲ, ನಮ್ಮ ಕಬ್ಬಿನ ಹಾಲ ಬಂಕಿನ್ಯಾಗ ಬಂದೈತಿ” ಎಂದು ಮಾಮಾ ಸಂತೋಷಪಟ್ಟು, ಇಂಧನ ಬದಲಾದ ಕಾರಣ ಸಮಾಲೋಚನೆಯನ್ನು ಮೊದಲಿನಿಂದ ಶುರು ಮಾಡಿದ.

ಕಂಪನಿ ಕೊಟ್ಟ ರೂಪ ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ, ಕೆಎ-49ರ ಆಫೀಸು ಊರಲ್ಲೇ ಇದೆ ಎಂದು ಹೆದರಿಸಿದವರೂ ಉಂಟು. ಮಾಮಾ ಶಾಂತ: “ಗಾಡಿ ರಸ್ತೆಕ್ಕ ಬಂದ್ರ ತಾನ ಕೇಸು?”

ಕೊನೆಗೆ ಅಳಿಯ ತಾನೇ ದುಡ್ಡು ಕೂಡಿಸಿ ಗಾಳಿ–ಪೆಟ್ರೋಲಿನ ಪ್ರಮಾಣ ತೋರಿಸುವ ಮೀಟರು ತಂದು ಸೈಲೆನ್ಸರ್ ಪೈಪಿಗೆ ಕೂರಿಸಿದ. ಟರ್ಬೊ ಒತ್ತುವಾಗ 12ರ ಹತ್ತಿರ ಇರಬೇಕಾದ ಅಂಕಿ ಹೊಲದ ದಾರಿಯಲ್ಲಿ 15ಕ್ಕೆ ಏರಿತು. ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಮಾಮಾ ತಕ್ಷಣ ಕಾಲು ತೆಗೆದ. ಕಿವಿಯವರು, ಹೊಗೆಯವರು, ಕೋಷ್ಟಕದವನು, ಎಲ್ಲರೂ ಮಾಮಾನ ಮುಖ ನೋಡಿಕೊಂಡು ಮಾತಾಡುವವರು. ಮೀಟರು ಯಾರ ಮುಖವನ್ನೂ ನೋಡಲಿಲ್ಲ, ಚಹಾ ಕುಡಿಯಲಿಲ್ಲ, “ನಿಮ್ಮ ಮಾತೂ ಬರೋಬ್ಬರಿ ಐತ್ರಿ” ಎನ್ನಲಿಲ್ಲ.

ಮಾಮಾ ಅದನ್ನು ಬಿಚ್ಚಿ ಜೇಬಿಗಿಳಿಸಿದ. ಮೀಟರೇ ಕೆಟ್ಟಿದೆಯಂತೆ. ಅದನ್ನು ಪರೀಕ್ಷಿಸಲು ಯಾವ ಪದ್ಧತಿ ಒಳ್ಳೆಯದೆಂದು ಈಗ ಗೋಕಾಕದಲ್ಲಿ ವಿಚಾರಣೆ ಮುಗಿದಿದೆ. ನಾಳೆ ಮೂಡಲಗಿ, ಆಮೇಲೆ ಹುಕ್ಕೇರಿ.