ಕೊಡಚಾದ್ರಿ ಹತ್ತುವ ಜೀಪಿನವರಿಗೆ ಒಂದು ಬಹಿರಂಗ ಪತ್ರ

ಜೀಪಿನ ಅಣ್ಣತಮ್ಮಂದಿರೇ,

ಮಳೆ ಹಿಂದೆ ಸರಿದಿದೆ. ನಿಟ್ಟೂರು, ಕೊಲ್ಲೂರಿನ ಕಡೆಯಿಂದ ನಮ್ಮ ಗಾಡಿಗಳು ಮತ್ತೆ ಬೆಟ್ಟಕ್ಕೆ ಹೊರಟಿವೆ. 1343 ಮೀಟರ್ ಎತ್ತರದ ಬೆಟ್ಟ, ಕೊನೆಯ ದಾರಿಯಲ್ಲಿ ಬರೀ ಕಲ್ಲು, ಕೊರಕಲು. ಹಿಂದೆ ಕೂತವರು ನಮ್ಮ ಮುಖ ನೋಡಿಯೇ ಧೈರ್ಯ ತಂದುಕೊಂಡಿರುತ್ತಾರೆ. ಅದಕ್ಕೇ ಈ ಪತ್ರ.

ಮೂರು ವರ್ಷದ ಹಿಂದೆ ನನ್ನ ಜೀಪು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗೆಲ್ಲ ಎಡಕ್ಕೆ ಎಳೆಯತೊಡಗಿತು. ಗ್ಯಾರೇಜಿಗೆ ಒಯ್ದೆ. 'ಶಾಕ್ ಹೋಗಿದೆ' ಅಂದರು, ನಾಲ್ಕೂ ಬದಲಿಸಿದರು. ಎಳೆತ ನಿಲ್ಲಲಿಲ್ಲ. ಇನ್ನೊಂದು ಕಡೆ ಬ್ರೇಕ್ ಲೈನರ್ ಹಾಕಿಸಿದೆ. ಆಗಲೂ ನಿಲ್ಲಲಿಲ್ಲ. ಹೀಗೇ ಎರಡು ತಿಂಗಳು ಜನರನ್ನು ಕೂರಿಸಿಕೊಂಡು ಬೆಟ್ಟ ಹತ್ತಿ ಇಳಿದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಅಳತೆಯ ಟೇಪು ತೆಗೆದರು. ಮುಂದಿನ ಹ್ಯಾಂಗರ್‌ನ ಪಿನ್ನಿನಿಂದ ಆಕ್ಸಲ್‌ವರೆಗೆ ಬಲಗಡೆ ಅಳೆದರು, ಆಮೇಲೆ ಎಡಗಡೆ. ಎಡಗಡೆ ಅರ್ಧ ಇಂಚಿಗೂ ಹೆಚ್ಚು ಹಿಂದೆ. ಯು ಬೋಲ್ಟ್ ಸಡಿಲಿಸಿ ಕಮಾನು ಪ್ಲೇಟುಗಳ ಕಟ್ಟನ್ನು ಇಳಿಸಿದಾಗ ಸೆಂಟರ್ ಬೋಲ್ಟ್ ಎರಡು ತುಂಡಾಗಿ ಕೈಗೆ ಬಂತು. ಮುರಿದ ಮುಖದ ಮುಕ್ಕಾಲು ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಒಂದು ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಅದು ಒಂದೇ ದಿನಕ್ಕೆ ಮುರಿದದ್ದಲ್ಲ. ಪ್ಲೇಟುಗಳನ್ನು ಒಟ್ಟಿಗೆ ಹಿಡಿದು ಆಕ್ಸಲ್ಲಿನ ಸೀಟಿನಲ್ಲಿ ಕೂರಿಸುವುದು ಆ ಬೆರಳು ಗಾತ್ರದ ಬೋಲ್ಟು. ಆದರೆ ಭಾರವನ್ನೆಲ್ಲ ಬಿಗಿದು ಹಿಡಿಯಬೇಕಾದದ್ದು ಯು ಬೋಲ್ಟ್. ಹೊಸ ಕಟ್ಟು ಹಾಕಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಯು ಬೋಲ್ಟನ್ನು ಮತ್ತೆ ಬಿಗಿಸಬೇಕು. ನಾನು ಬಿಗಿಸಿರಲಿಲ್ಲ. ಪ್ಲೇಟು ಕೂತುಕೊಂಡಿತು, ಯು ಬೋಲ್ಟ್ ಸಡಿಲವಾಯಿತು, ಹೊಡೆತವೆಲ್ಲ ಸೆಂಟರ್ ಬೋಲ್ಟಿಗೆ ಬಿತ್ತು.

1941ರ ವಿಲ್ಲಿಸ್ ಜೀಪಿನಿಂದ ನಮ್ಮ ಮೇಜರ್, ಕಮಾಂಡರ್‌ವರೆಗೆ ನಾಲ್ಕೂ ಮೂಲೆಗೆ ಇರುವುದು ಕಮಾನು ಕಟ್ಟೇ. ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡಲು ಬೇರೆ ಯಾವ ತೋಳೂ ಇಲ್ಲ. ಕಾರಿನವರಿಗೆ ಸ್ಪ್ರಿಂಗ್ ಹೋದರೆ ಕುಲುಕಾಟ. ನಮಗೆ ಕಟ್ಟು ಜಾರಿದರೆ ಚಕ್ರದ ದಿಕ್ಕೇ ತಪ್ಪುತ್ತದೆ. ಬಾನೆಟ್ ಒತ್ತಿ ಕುಲುಕಿ ಶಾಕ್ ನೋಡುವ ಕಾರಿನವರ ಪರೀಕ್ಷೆಯೂ ನಮಗೆ ಉಪಯೋಗಕ್ಕಿಲ್ಲ. ಕಟ್ಟು ಗಟ್ಟಿ, ಪ್ಲೇಟಿಗೆ ಪ್ಲೇಟು ಉಜ್ಜಿಯೇ ಅರ್ಧ ಕುಲುಕಾಟ ನಿಲ್ಲುತ್ತದೆ. ಶಾಕ್‌ನ ಕೆಳಗಿನ ತುದಿ ಬಿಚ್ಚಿ ಕೈಯಲ್ಲಿ ಎಳೆದು ಒತ್ತಿ ನೋಡಿ. ಎಲ್ಲೋ ಒಂದು ಕಡೆ ತಡೆಯೇ ಇಲ್ಲದೆ ಸಲೀಸಾಗಿ ಜಾರಿದರೆ, ಇಲ್ಲವೇ ಮೈಯೆಲ್ಲ ಎಣ್ಣೆ ಒಸರಿದ್ದರೆ, ಅದು ಹೋಗಿದೆ. ಇಲ್ಲದಿದ್ದರೆ ದುಡ್ಡು ಉಳಿಸಿ ಶ್ಯಾಕಲ್ಲಿನ ಬುಷ್‌ಗೆ ಹಾಕಿ.

ಸ್ಟೇರಿಂಗ್ ಒದರುವುದಕ್ಕೂ ಹೀಗೇ ಒಂದು ದಾರಿಯಿದೆ. ಮುಂದಿನ ಚಕ್ರ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಕಂಡರೆ ಒಳಗಿದ್ದವರಿಗೆ ಬ್ರೇಕ್ ತುಳಿಯಲು ಹೇಳಿ. ತುಳಿದಾಗ ಪ್ಲೇ ಮಾಯವಾದರೆ ಚಕ್ರದ ಬೇರಿಂಗ್, ತುಳಿದರೂ ಉಳಿದರೆ ಕಿಂಗ್‌ಪಿನ್. ಅಡ್ಡ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಟೈರಾಡ್ ಎಂಡ್ ನೋಡಿ. ಆಮೇಲೆ ಚಕ್ರ ನೆಲಕ್ಕಿಳಿಸಿ ಒಬ್ಬರು ಸ್ಟೇರಿಂಗ್ ಆಚೀಚೆ ಸ್ವಲ್ಪವೇ ತಿರುಗಿಸಲಿ, ನೀವು ಕೆಳಗೆ ಮಲಗಿ ಶ್ಯಾಕಲ್ ನೋಡಿ. ಬುಷ್ ತಿಂದುಹೋಗಿದ್ದರೆ ಚಕ್ರ ತಿರುಗುವ ಮೊದಲೇ ಕಟ್ಟು ಪಕ್ಕಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ರಬ್ಬರ್ ಬುಷ್ ಹಾಕಿಸುವಾಗ ಒಂದು ಮಾತು. ಜೀಪು ಜಾಕ್ ಮೇಲೆ ನೇತಾಡುತ್ತಿರುವಾಗ ಶ್ಯಾಕಲ್ ಬೋಲ್ಟ್ ಪೂರ್ತಿ ಬಿಗಿಸಲು ಬಿಡಬೇಡಿ. ಭಾರ ಚಕ್ರದ ಮೇಲೆ ಇಳಿದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಬದುಕಿ ಬೇಗ ಹರಿಯುತ್ತದೆ. ಎಷ್ಟೋ ಗ್ಯಾರೇಜಿನಲ್ಲಿ ಈ ಆತುರ ನೋಡಿದ್ದೇನೆ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿ 'ಸೀಸನ್ ಮುಗಿಯಲಿ' ಅನ್ನುವವರಿದ್ದೀರಿ. ಕೈಮುಗಿದು ಕೇಳುತ್ತೇನೆ, ಬೇಡ. ವೆಲ್ಡಿಂಗ್ ಬಿಸಿಗೆ ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಕೂತುಹೋದ ಕಟ್ಟನ್ನು ಕಮಾನು ಕೆಲಸದವರು ಮತ್ತೆ ಬಗ್ಗಿಸಿ ಕೊಡುತ್ತಾರೆ. ಆದರೆ ಬರೀ ಕಾಯಿಸಿ ಬಡಿದರೆ ಸಾಲದು. ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಮಾಡಿದ್ದಾರಾ ಕೇಳಿ. ಇನ್ನಷ್ಟು ಜನರನ್ನು ಹೊರಲೆಂದು ಹೆಚ್ಚಿನ ಪ್ಲೇಟು ಸೇರಿಸಿದರೆ ಕಟ್ಟು ಬಗ್ಗುವುದಿಲ್ಲ, ಹೊಡೆತ ಚಾಸಿಗೆ ಹೋಗಿ ಹ್ಯಾಂಗರ್ ಬುಡ ಬಿರಿಯುತ್ತದೆ. ಪ್ಲೇಟಲ್ಲ, ತಲೆ ಕಡಿಮೆ ಮಾಡಿ.

ಮೊದಲ ಟ್ರಿಪ್ಪಿಗೆ ಮುಂಚೆ ಹತ್ತು ನಿಮಿಷ ಕೆಳಗೆ ಮಲಗಿ. ಕೆಸರು ಕೆರೆದು ಯು ಬೋಲ್ಟಿನ ನಟ್ಟು ನೋಡಿ, ಎಡಬಲ ಅಳೆದು ನೋಡಿ. ನನ್ನ ಟೇಪು ಈಗ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ, ಮುರಿದ ಆ ಬೋಲ್ಟಿನ ಪಕ್ಕದಲ್ಲಿ. ನಿಟ್ಟೂರಿನಲ್ಲಿ ಸಿಕ್ಕರೆ ಕೇಳಿ, ಒಟ್ಟಿಗೇ ಅಳೆಯೋಣ.

ಇಂತಿ,
ನಿಮ್ಮಂತೆಯೇ ಬೆಟ್ಟ ಹತ್ತುವ ಒಬ್ಬ ಜೀಪಿನವ