ನಾಲ್ಕು ತಾಲ್ಲೂಕು ಸುತ್ತಿದ ಬ್ರೇಕು

ಹೆಸರು ಬೇಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಊರಿನ ಟೀ ಅಂಗಡಿ ಮುಂದೆಯಾದರೂ ನಿಂತು ‘ಪಿಕಪ್ ಅಣ್ಣೋ’ ಅಂತ ಕೂಗಿ. ಒಬ್ಬನಾದರೂ ತಿರುಗಿ ನೋಡುತ್ತಾನೆ. ನಮ್ಮ ಬೀದಿಯವನೂ ಅಂಥವನೇ. ವಾರದಲ್ಲಿ ಮೂರು ದಿನ ಮದ್ದೂರಿಗೆ ಎಳನೀರು ಹೊಡೆಯುತ್ತಾನೆ. ಉಳಿದ ದಿನ ಬೆಲ್ಲ, ಭತ್ತ, ಶಾಮಿಯಾನ, ಬೀಗರೂಟದ ಪಾತ್ರೆ.

ಗಾಡಿಯ ಬಣ್ಣ ಬಿಳಿ. ಆದರೆ ಬಿಳಿ ಕಾಣುವ ಜಾಗ ಕಮ್ಮಿ. ಮುಂದಿನ ಗಾಜಿಗೆ ಆದಿಚುಂಚನಗಿರಿಯ ಕಾಲಭೈರವೇಶ್ವರ, ಹಿಂದಕ್ಕೆ ಅಂಬರೀಷಣ್ಣ, ಬಾಗಿಲಿಗೆ ಅಪ್ಪು. ಹಾರ್ನು ಮೂರು ರಾಗ ಹಾಡುತ್ತದೆ. ಒಳಗೆ ರಾತ್ರಿಯಾದರೆ ನೀಲಿ ದೀಪ. ಇದ್ಯಾವುದಕ್ಕೂ ಅವನು ಚೌಕಾಸಿ ಮಾಡಿದವನಲ್ಲ. ಕಣ್ಣಿಗೆ ಕಾಣುವುದಕ್ಕೆ, ಕಿವಿಗೆ ಕೇಳುವುದಕ್ಕೆ ಹಾಕಿದ ದುಡ್ಡಿಗೆ ಊರೇ ಸಾಕ್ಷಿ. ಚಕ್ರದ ಸಂದಿಯಲ್ಲಿ ಕೂರುವ ಬ್ರೇಕ್ ಪ್ಯಾಡಿಗೆ ಹಾಕಿದ್ದನ್ನು ಯಾರು ಬಗ್ಗಿ ನೋಡುತ್ತಾರೆ?

ಪ್ಯಾಡು ಸವೆದಾಗ ಕೀರಲು ಸದ್ದು ಬರಲೆಂದೇ ಕೆಲವು ಪ್ಯಾಡಿನ ಪಕ್ಕ ಒಂದು ತಗಡಿನ ನಾಲಗೆ ಇಟ್ಟಿರುತ್ತಾರೆ. ಅಣ್ಣನ ಗಾಡಿಯಲ್ಲಿ ಆ ನಾಲಗೆ ಸಂಕ್ರಾಂತಿಯಿಂದ ಕಿರುಚುತ್ತಿತ್ತು. ಅಣ್ಣ ಅದಕ್ಕೆ ಕೂಡಲೇ ಪರಿಹಾರ ಕಂಡುಕೊಂಡ. ಸ್ಟೀರಿಯೋ ಸೌಂಡು ಜಾಸ್ತಿ ಮಾಡಿದ. ಜೊತೆಗೆ ಕ್ಲೀನರ್ ಹುಡುಗನ ಕೈಗೆ ಒಂದು ದಪ್ಪ ಕಲ್ಲು ಕೊಟ್ಟ. ಇಳಿಜಾರಿನಲ್ಲಿ ಗಾಡಿ ನಿಲ್ಲುವ ಲಕ್ಷಣ ತೋರಿದ ಕೂಡಲೇ ಹುಡುಗ ಜಿಗಿದು ಗಾಲಿಗೆ ಕಲ್ಲು ಕೊಡಬೇಕು. ಮಗು ಎತ್ತಿಕೊಂಡ ಹಾಗೆ ಅವನು ಸದಾ ಆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ.

ಕೊನೆಗೆ ಶ್ರೀರಂಗಪಟ್ಟಣದ ಮೆಕ್ಯಾನಿಕ್ಕು ಮುಂದಿನ ಚಕ್ರ ಬಿಚ್ಚಿದ. ಪಿಕಪ್ಪಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು.

“ಪ್ಯಾಡು ಹಪ್ಳ ಆಗ್ಬುಟ್ಟದೆ ಕಣಣ್ಣ. ಮೂರು ಮಿಲಿಮೀಟ್ರಿಗೆ ಬಂದಾಗ್ಲೇ ಬದ್ಲಾಯಿಸ್ಬೇಕಿತ್ತು. ಈಗ ಬರೀ ತಗಡು ಉಜ್ಜಿ ಡಿಸ್ಕು ನೋಡು, ನೇಗ್ಲು ಹೊಡ್ದಂಗೆ ಸಾಲು ಬಿದ್ದದೆ. ಎಡ್ಡೂ ಕಡೆ ಪ್ಯಾಡು, ಎಡ್ಡೂ ಕಡೆ ಡಿಸ್ಕು. ಒಂದೇ ಕಡೆ ಹಾಕುದ್ರೆ ಗಾಡಿ ಅತ್ಲಾಗೆ ಎಳೀತದೆ.”

ರೇಟು ಕೇಳಿದ ಅಣ್ಣ ನನ್ನ ಕಡೆ ತಿರುಗಿದ. “ಮೇಷ್ಟ್ರೇ, ನಾಕು ಕಡೆ ಇಚಾರ್ಸ್ದೆ ತಗಂಡ್ರೆ ಜನ ಏನಂದಾರು?”

ಅಣ್ಣ ಹೆದರುವುದು ಗಾಡಿ ನಿಲ್ಲದೆ ಹೋದೀತೆಂದಲ್ಲ, ಟೋಪಿ ಹಾಕಿಸಿಕೊಂಡ ಅನ್ನಿಸಿಕೊಂಡೇನೆಂದು. ಹಳ್ಳಕ್ಕೆ ಬಿದ್ದರೆ ಜನ ಅಯ್ಯೋ ಅಂತಾರೆ. ಮುನ್ನೂರು ರೂಪಾಯಿ ಹೆಚ್ಚು ಕೊಟ್ಟು ಬಂದರೆ ನಗುತ್ತಾರೆ. ಹೀಗೆ, ಹಿಡಿಯದ ಬ್ರೇಕಿನ ಗಾಡಿಯಲ್ಲೇ ಕೂತು ಬ್ರೇಕು ಹುಡುಕಲು ಹೊರಟೆವು. ಈ ಊರಿನಲ್ಲೇ 2017ರಲ್ಲಿ, ರೈಲಿಗೆ ಜೋಡಿ ಹಳಿ ಹಾಕಲು ದಾರಿ ಬೇಕೆಂದು, ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಬುಡಸಮೇತ ಎಬ್ಬಿಸಿ ನೂರು ಮೀಟರಿಗೂ ಆಚೆ ಸರಿಸಿದ್ದರು. ಸುಮಾರು ಸಾವಿರ ಟನ್ನಿನ ಆ ಕಟ್ಟಡ ನಿಲ್ಲಬೇಕಾದ ಜಾಗದಲ್ಲೇ ನಿಂತಿತು. ನಮ್ಮದು ಖಾಲಿ ಗಾಡಿ. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಟೀ ಅಂಗಡಿಗೆ ನಿಲ್ಲಿಸಲು ಹೋಗಿ ಎರಡಂಗಡಿ ದಾಟಿ, ಸಲೂನಿನ ಮುಂದೆ ನಿಂತಿತು. ಅಣ್ಣ ಇಳಿದು ಗಡ್ಡ ಮಾಡಿಸಿಕೊಂಡ.

ಪಾಂಡವಪುರದಲ್ಲಿ ಬಾಮೈದ ಸಿಕ್ಕಿದ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ಅನುಭವಸ್ಥ. “ಕಂಪ್ನಿ ಮಾಲು ಯಾಕ್ ಭಾವ? ಡೆಲ್ಲಿ ಮಾಲು ಅರ್ಧ ರೇಟು. ಡಬ್ಬ ಸೇಮ್ ಟು ಸೇಮು.” ನಿಜ, ಡಬ್ಬಿ ಒಂದೇ ಥರ ಇತ್ತು. ಕಂಪನಿ ಹೆಸರಿನಲ್ಲಿ ಒಂದಕ್ಷರ ಮಾತ್ರ ಜಾಸ್ತಿ ಇತ್ತು. ಅರ್ಧ ರೇಟೆಂದ ಮೇಲೆ ಅಣ್ಣನಿಗೆ ಹೊಸ ಅನುಮಾನ: “ಅರ್ಧಕ್ಕೇ ಕೊಡ್ತಾನೆ ಅಂದ್ರೆ ಕಾಲಿಗೂ ಕೊಡ್ತಾನೆ ಅಂತ್ಲೇ.” ಅಲ್ಲೂ ಕೊಳ್ಳಲಿಲ್ಲ.

ಚಿನಕುರಳಿ ದಾಟಿ ಕೆ.ಆರ್. ಪೇಟೆ. ಅಲ್ಲಿ ದೂರದ ಸಂಬಂಧದ ದೊಡ್ಡಪ್ಪ. “ನಮ್ಮಪ್ಪ ಎತ್ತಿನ ಗಾಡೀಲಿ ಭತ್ತ ಏರ್ಕಂಡು ಊರೂರು ತಿರುಗ್ದ. ಯಾವ ಪ್ಯಾಡಿತ್ಲಾ ಅವ್ನಿಗೆ? ಎತ್ತಿಗೆ ಬುದ್ಧಿ ಇತ್ತು, ಅಷ್ಟೆ.” ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಕುದುರೆ ಗಾಡಿಯವರು ಇಳಿಜಾರಿಗೆಂದು ಬ್ರೇಕಿನ ಮರದ ತುಂಡಿಗೆ ಹಳೇ ಬೂಟಿನ ಚರ್ಮ ಹೊಡೆದುಕೊಳ್ಳುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಕಂಡ, 1897ರ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಲೈನಿಂಗ್ ಮಾಡಲು ಹೊರಟ, ಫೆರೋಡೋ ಕಂಪನಿ ಹುಟ್ಟಿದ್ದು ಹಾಗೆ ಎಂದೆಲ್ಲ ಬಿಡಿಸಿ ಹೇಳಿದೆ. ಅಣ್ಣ ಗಮನವಿಟ್ಟು ಕೇಳಿ, ತನ್ನ ಕಾಲಿನ ಎಕ್ಕಡ ಒಮ್ಮೆ ನೋಡಿಕೊಂಡು, “ಹಳೇ ಮೆಟ್ಟಾದ್ರೆ ಮನೇಲಿ ಸ್ಯಾನೆ ಬಿದ್ದವೆ” ಅಂದ.

ನಾಗಮಂಗಲ ಕಂಚು, ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಲೇತ್‌ನವನು ಡಿಸ್ಕನ್ನು ಬಿಚ್ಚಿಸಿ, ಸ್ಪ್ಯಾನರಿನಿಂದ ತಟ್ಟಿ, ಸದ್ದು ಆಲಿಸಿ, ಅಂಚಿನ ತುಕ್ಕು ಒರೆಸಿದ. ಅಲ್ಲಿ ಅಂಕಿ ಅಚ್ಚೊತ್ತಿತ್ತು. ಡಿಸ್ಕಿನ ಮಂದ ಅದಕ್ಕಿಂತ ಕಮ್ಮಿಯಾದರೆ ಗುಜರಿಗೇ ಸೈ. ಅಳತೆ ಹಿಡಿದು ನೋಡಿ ತಲೆಯಾಡಿಸಿದ. “ಲೇತಿಗೆ ಕೊಟ್ರೆ ಇನ್ನೂ ತೆಳ್ಗಾಯ್ತದೆ. ಬೀಡು ಕಬ್ಬಿಣ ಇದು, ಕಾದು ಬಿರುಕು ಬಿಟ್ರೆ ಯಾರ್ ಜವಾಬ್ದಾರಿ? ಕೂಲಿ ಬ್ಯಾಡ, ಹೋಗಣ್ಣ.” ಕೂಲಿಯೇ ಬೇಡ ಎಂದವನ ಮೇಲೆ ಅಣ್ಣನಿಗೆ ಇನ್ನೂ ಅನುಮಾನ. “ಇವ್ನಿಗೂ ಆ ಪಟ್ಟಣದ ಮೆಕ್ಯಾನಿಕ್ಕಿಗೂ ಒಳಒಪ್ಪಂದ ಐತೆ ಮೇಷ್ಟ್ರೇ.”

ಬರುವಾಗ ಬಾಡಿಗೆ ಸಿಕ್ಕಿತು. ಮೇಲುಕೋಟೆಯಲ್ಲಿ ಮದುವೆ ಮುಗಿದ ಶಾಮಿಯಾನ, ಕಬ್ಬಿಣದ ಕಂಬ, ಕೊಪ್ಪರಿಗೆ ತುಂಬಿಕೊಂಡು ಬೆಟ್ಟ ಇಳಿಯಬೇಕು. ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಹಿಡಿಯುತ್ತದೆ. ಅಣ್ಣ ನ್ಯೂಟ್ರಲ್ಲಿಗೆ ತಳ್ಳಿದ. ಡೀಸೆಲ್ ಉಳಿಯುತ್ತದಂತೆ. ವೇಗ ಎರಡರಷ್ಟಾದರೆ ನಿಲ್ಲಿಸುವ ಕೆಲಸ ನಾಲ್ಕರಷ್ಟು ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅರ್ಥವಾದದ್ದು ಅವತ್ತು. ಎರಡು ತಿರುವಿಗೆ ಸುಟ್ಟ ವಾಸನೆ, ಮೂರನೆಯದಕ್ಕೆ ಪೆಡಲ್ಲು ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಾಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಇಂಥ ಹೊತ್ತಿನಲ್ಲೇ ಕುದಿದು ಆವಿಯಾಗುತ್ತದೆ. ಎಷ್ಟು ತುಳಿದರೂ ಆವಿ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಅಣ್ಣ ಕಾಲಭೈರವನನ್ನೂ ಹ್ಯಾಂಡ್ ಬ್ರೇಕನ್ನೂ ಒಟ್ಟಿಗೆ ಹಿಡಿದ. ಗೇರು ಗರಗರ ಅನ್ನುತ್ತ ಎರಡಕ್ಕೆ ಬಿತ್ತು. ಗಾಡಿ ರಸ್ತೆ ಬದಿಯ ಮಣ್ಣು ಉಜ್ಜಿ ನಿಧಾನವಾಯಿತು. ಹುಡುಗ ಜಿಗಿದ, ಓಡಿದ, ಕಲ್ಲು ಕೊಟ್ಟ. ನಿಂತಿತು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ ಬೆವರು ಒರೆಸಿಕೊಂಡು, “ಬೆಂಗ್ಳೂರು ಜೆ.ಸಿ. ರೋಡಲ್ಲಿ ಒಂದ್ಸಲ ಕೇಳ್ಬುಟ್ರೆ ಎಂಗೆ?” ಅಂದ. ಹುಡುಗ ಕಲ್ಲನ್ನು ಎತ್ತಿ ಅಣ್ಣನ ಕೈಗಿಟ್ಟು, “ನೀವೇ ಕೊಡ್ಕಳಿ” ಅಂದ.

ಮಾರನೆಯ ದಿನ ಶ್ರೀರಂಗಪಟ್ಟಣದ ಅದೇ ಮೆಕ್ಯಾನಿಕ್ಕು, ಅದೇ ರೇಟು. ಹೊಸ ಡಿಸ್ಕು, ಹೊಸ ಪ್ಯಾಡು, ಹೊಸ ಆಯಿಲ್ಲು. “ಇನ್ನೂರು ಮುನ್ನೂರು ಕಿಲೋಮೀಟ್ರು ಮೆತ್ತಗೆ ತುಳೀರಿ, ಪ್ಯಾಡು ಡಿಸ್ಕಿಗೆ ಒಗ್ಗಬೇಕು” ಅಂದ. ಉಳಿಸಲು ಹೊರಟ ದುಡ್ಡಿಗಿಂತ ಸುತ್ತಾಡಿ ಸುಟ್ಟ ಡೀಸೆಲ್ಲೇ ಜಾಸ್ತಿ ಎಂಬ ಲೆಕ್ಕ ನನ್ನ ಬಾಯಿತುದಿಗೆ ಬಂದಿತ್ತು. ಅಣ್ಣನ ಮುಖ ನೋಡಿ ನುಂಗಿಕೊಂಡೆ.

ಟೀ ಅಂಗಡಿಯ ಹತ್ತಿರ ಗಾಡಿ ಟೀ ಅಂಗಡಿಯ ಮುಂದೆಯೇ ನಿಂತಿತು. ಪಕ್ಕದ ಪಿಕಪ್ಪಿನವನು ಕೇಳಿದ: “ಎಷ್ಟಾಯ್ತಣ್ಣ?” ಅಣ್ಣ ಮಾನಕ್ಕೆ ಅಂಜಿ, ಕೊಟ್ಟಿದ್ದರಲ್ಲಿ ಐನೂರು ಕಳೆದು ಹೇಳಿದ. ಅವನು ಲೋಟ ಕೆಳಗಿಟ್ಟ. “ಅಯ್ಯೋ, ಅಷ್ಟು ಕೊಟ್ಬುಟ್ರಾ? ಕೇಳಿದ್ರೆ ಇನ್ನೂ ಕಮ್ಮೀಗೆ ಕೊಡುಸ್ತಿದ್ನಲ್ಲ!”

ಅಣ್ಣನ ಟೀ ಅರ್ಧಕ್ಕೇ ಉಳಿಯಿತು. ಮಾತಿಲ್ಲದೆ ಗಾಡಿ ಹತ್ತಿದ. ಮೊದಲ ಹಂಪಿನಲ್ಲೇ ಮೆಕ್ಯಾನಿಕ್ಕಿನ ಮಾತು ಮರೆತು ಸಿಟ್ಟಿನಿಂದ ತುಳಿದ. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹುಡುಗನ ತೊಡೆಯ ಮೇಲಿದ್ದ ಕಲ್ಲು ಕಾಲಬುಡಕ್ಕೆ ಉರುಳಿತು.

“ಇನ್ಯಾಕ್ಲಾ ಅದು? ಬಿಸಾಕು” ಅಂದೆ.

ಹುಡುಗ ಕಲ್ಲಿನ ಧೂಳು ಒರೆಸಿ, ಮತ್ತೆ ತೊಡೆಯ ಮೇಲಿಟ್ಟುಕೊಂಡು, ಅಣ್ಣನಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಹೇಳಿದ:

“ಇರ್ಲಿ ಸಾ. ನಾಳಿಕೆ ಬಿಚ್ಚಿ ವಾಪಸ್ ಕೊಟ್ಬುಟ್ಟು ಬಂದ್ರೆ?”