‘ಅ’ ಬೆಕ್ಕು ಯಾರದು?

ಒಂದೇ ಅಕ್ಷರದ ಪದವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೋಮನ್ ಲಿಪಿಯ ಮೊದಲ ಅಕ್ಷರಕ್ಕೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅದು ಯುರೋಪಿನ ಊರೂರಲ್ಲಿ ವೇಷ ಬದಲಿಸಿಕೊಂಡು ತಿರುಗುತ್ತಿದೆ. ಇಂಗ್ಲಿಷಿನಲ್ಲಿ ‘ಯಾವುದೋ ಒಂದು’. ಹಂಗೆರಿಗೆ ಹೋದರೆ ‘ಯಾವುದೋ ಅಲ್ಲ ಸ್ವಾಮಿ, ಅದೇ’. ಪೋಲೆಂಡಿನಲ್ಲಿ ‘ಮತ್ತು’. ಫ್ರೆಂಚರಲ್ಲಿ ‘ಅವನ ಹತ್ತಿರ ಇದೆ’. ಲ್ಯಾಟಿನ್ ತಾಯಿ ‘ರೋಮಿನಿಂದ’ ಅನ್ನಲು ಬಳಸಿದ್ದನ್ನೇ ಇಟಾಲಿಯನ್ ಮಗಳು ‘ರೋಮಿಗೆ’ ಅನ್ನಲು ಬಳಸುತ್ತಾಳೆ. ಇಬ್ಬರ ಪದಗಳ ಮೂಲ ಬೇರೆ ಬೇರೆ ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ಇರಲಿ, ತಾಯಿ ಹೊರಟಲ್ಲಿಗೆ ಮಗಳು ಬಂದಿಳಿದದ್ದಂತೂ ನಿಜ.

ಆದರೆ ಈ ಅಕ್ಷರದ ನಿಜವಾದ ಕಿತಾಪತಿ ನೋಡಬೇಕಾದರೆ ಐರ್ಲೆಂಡಿಗೇ ಹೋಗಬೇಕು. ಐರಿಶ್ ಭಾಷೆಯಲ್ಲಿ ‘ಅವನ’ ಅಂದರೂ ‘ಅ’, ‘ಅವಳ’ ಅಂದರೂ ‘ಅ’, ‘ಅವರ’ ಅಂದರೂ ‘ಅ’. ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಬೆಕ್ಕು ಯಾರದು ಅಂತ ತಿಳಿಯುವುದು ಹೇಗೆ? ಬೆಕ್ಕನ್ನೇ ಕೇಳಬೇಕು! ಐರಿಶಿನಲ್ಲಿ ಬೆಕ್ಕು ‘ಕತ್’. ‘ಅ ಕತ್’ ಅಂದರೆ ಅವಳ ಬೆಕ್ಕು. ಗಂಟಲು ಕೆರೆದುಕೊಂಡು ‘ಅ ಖತ್’ ಅಂದರೆ ಅವನದು. ‘ಅ ಗತ್’ ಅಂದರೆ ಅವರೆಲ್ಲರದು. ಮಾಡುವುದೆಲ್ಲ ಮಾಡಿ ‘ಅ’ ಸುಮ್ಮನೆ ಕೂತಿರುತ್ತದೆ. ಮುಖ ಊದಿಸಿಕೊಂಡು ಸಾಕ್ಷಿ ಹೇಳಬೇಕಾದದ್ದು ಪಕ್ಕದಲ್ಲಿದ್ದ ಪಾಪದ ಪದ.

ಇದೆಂಥ ಅನ್ಯಾಯ ಅನ್ನುವ ಮೊದಲು, ಶಾಲೆಯಲ್ಲಿ ಸಂಸ್ಕೃತ ಶಬ್ದರೂಪ ಉರುಹೊಡೆದವರು ಸ್ವಲ್ಪ ನೆನಪಿಸಿಕೊಳ್ಳಿ: ಅಸ್ಯ, ಅಸ್ಯಾಃ, ಏಷಾಮ್. ಅವನ, ಅವಳ, ಅವರ. ಐರಿಶಿನ ಮೂರು ‘ಅ’ಗಳೂ ಇದೇ ಇಂಡೋ-ಯುರೋಪಿಯನ್ ಮನೆತನದ ದಾಯಾದಿಗಳು. ಹಿಂದೊಂದು ಕಾಲಕ್ಕೆ ಅವಕ್ಕೂ ಬಾಲಗಳಿದ್ದವು. ‘ಅವನ’ ಎಂಬುದು ಸ್ವರದಲ್ಲಿ ಮುಗಿಯುತ್ತಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿದ ವ್ಯಂಜನ ಮೆತ್ತಗಾಯಿತು. ‘ಅವರ’ ಎಂಬುದರ ಕೊನೆಗೆ ಅನುನಾಸಿಕ. ಅದು ಮುಂದಿನ ‘ಕ’ವನ್ನು ‘ಗ’ ಮಾಡಿತು. ‘ಅವಳ’ ಎಂಬುದರ ಕೊನೆಗೆ ಸಕಾರ; ಅದು ವ್ಯಂಜನದ ತಂಟೆಗೆ ಹೋಗಲಿಲ್ಲ. ಆದರೆ ಮುಂದೆ ಸ್ವರ ಬಂದರೆ ಇವತ್ತಿಗೂ ಅಲ್ಲೊಂದು ‘ಹ್’ ನುಸುಳುತ್ತದೆ: ‘ಆನಿಮ್’ ಹೆಸರಾದರೆ, ಅವಳ ಹೆಸರು ‘ಅ ಹಾನಿಮ್’. ನಮ್ಮ ‘ಅಸ್ಯಾಃ’ದ ವಿಸರ್ಗಕ್ಕೂ ಹುಟ್ಟಿದ ಮನೆ ಸಕಾರವೇ. ಕಾಲಾಂತರದಲ್ಲಿ ಬಾಲಗಳೆಲ್ಲ ಉದುರಿಹೋದವು, ಬಾಲ ಬೀಸಿದ ಪೆಟ್ಟಿನ ಗುರುತು ಮಾತ್ರ ಪಕ್ಕದವರ ಮೈಮೇಲೆ ಉಳಿಯಿತು.

ಕ, ತ, ಪಗಳಿಗೆ ಗ, ದ, ಬಗಳು! ಕೇಳಿದ ಹಾಗಿದೆಯಲ್ಲ? ಮಳೆ ಸೇರಿದ ಕಾಲ ಮಳೆಗಾಲ, ಬೆಟ್ಟ ಸೇರಿದ ತಾವರೆ ಬೆಟ್ಟದಾವರೆ, ಕಣ್ಣು ಸೇರಿದ ಪನಿ ಕಂಬನಿ. ಆದೇಶ ಸಂಧಿಗೆ ಉದಾಹರಣೆ ಕೊಡಲಾಗದೆ ಬೆಂಚಿನ ಮೇಲೆ ನಿಂತವರೆಲ್ಲ ಐರಿಶ್ ಕಲಿಯಲು ಅರ್ಧ ಅರ್ಹರು. ಕನ್ನಡಕ್ಕೂ ಐರಿಶಿಗೂ ರಕ್ತಸಂಬಂಧವಿಲ್ಲ, ಬಾಯಿ ಮಾತ್ರ ಎಲ್ಲರದೂ ಒಂದೇ. ನಮ್ಮ ಷಷ್ಠೀ ವಿಭಕ್ತಿಯ ಪ್ರತ್ಯಯವೂ ‘ಅ’ ಎಂಬುದು ಶುದ್ಧ ಕಾಕತಾಳೀಯ. ನಾನೇನೂ ಅದರ ಮೇಲೆ ಪಿಎಚ್.ಡಿ. ಕಟ್ಟಲು ಹೊರಟಿಲ್ಲ.

ನಾವು ‘ಗ’ ಬಂದ ಮೇಲೆ ‘ಕ’ವನ್ನು ನಿರ್ದಾಕ್ಷಿಣ್ಯವಾಗಿ ಓಡಿಸುತ್ತೇವೆ. ಐರಿಶರದು ಮೃದು ಮನಸ್ಸು. ‘ಗ’ಕಾರವನ್ನು ಮುಂದೆ ಬರೆದು, ಉಚ್ಚಾರವಿಲ್ಲದ ‘ಕ’ಕಾರವನ್ನೂ ಅದರ ಹಿಂದೆಯೇ ಉಳಿಸಿಕೊಳ್ಳುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು ‘ಉರೂ’, ಅಂದರೆ ಗ್ರಹಣ. ಸೂರ್ಯಗ್ರಹಣಕ್ಕೂ ಅದೇ ಪದ. 1958ರಲ್ಲಿ ಸರ್ಕಾರ ಭಾಷೆಯ ಶಿಷ್ಟರೂಪ ಪ್ರಕಟಿಸಿದಾಗ ಎಷ್ಟೋ ಮೂಕ ಅಕ್ಷರಗಳು ಮನೆಗೆ ಹೋಗಿದ್ದವು. ಗ್ರಹಣ ಹಿಡಿದವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿದ್ದರೆ ನಿಘಂಟಿನಲ್ಲಿ ಬೆಕ್ಕು ಹುಡುಕುವವರ ಗತಿ?

ಈ ‘ಅ’ಗೆ ಇನ್ನೊಂದು ಉದ್ಯೋಗವೂ ಉಂಟು: ಸಂಬೋಧನೆ. ನಾವು ಕರೆಯುವಾಗ ಹೆಸರಿನ ಬಾಲ ಎಳೆಯುತ್ತೇವೆ, ‘ರಂಗಾ!’ ಅಂತ. ಗೇಲಿಕ್ ಜನ ಹೆಸರಿಗೆ ಮೊದಲು ‘ಅ’ ಹಚ್ಚಿ ಅದರ ತಲೆಯನ್ನೇ ತಿರುಚುತ್ತಾರೆ. ಐರಿಶಿನ ತಂಗಿ ಸ್ಕಾಟಿಷ್ ಗೇಲಿಕ್‌ನಲ್ಲಿ ‘ಶೇಮಸ್’ ಎಂಬುವನನ್ನು ಕರೆದರೆ ‘ಅ ಹೇಮಿಶ್!’ ಅಂತಾಗುತ್ತದೆ. ಕೇಳಿಸಿಕೊಂಡ ಇಂಗ್ಲಿಷಿನವರು ಅದೇ ಅವನ ಹೆಸರೆಂದು ಬರೆದುಕೊಂಡರು. ಹೇಮಿಶ್ ಎಂಬ ಹೆಸರು ಹುಟ್ಟಿದ್ದೇ ಹೀಗೆ. ಯಾರಾದರೂ ನಮ್ಮ ರಂಗನ ಆಧಾರ್ ಕಾರ್ಡಿನಲ್ಲಿ ‘ಏ ರಂಗಾ’ ಅಂತ ಅಚ್ಚು ಹಾಕಿಸಿದರೆ ಆಗುವ ಕಥೆ.

ಮೂರನೆಯ ಉದ್ಯೋಗದಲ್ಲಿ ಮಾತ್ರ ‘ಅ’ ಕೈಕೊಡುತ್ತದೆ. ಅಲ್ಲಿ ಅದು ಎರಡು ವಾಕ್ಯಗಳ ಕೊಂಡಿ. ‘ಅನ್ ಫ್ಯಾರ್ ಅ ಖನಿಕ್ ಅನ್ ವ್ಯಾನ್’ ಅಂದರೆ ಹೆಂಗಸನ್ನು ನೋಡಿದ ಗಂಡಸೂ ಆಗಬಹುದು, ಹೆಂಗಸು ನೋಡಿದ ಗಂಡಸೂ ಆಗಬಹುದು. ಯಾರು ಯಾರನ್ನು ನೋಡಿದರು ಎಂದು ಆ ವಾಕ್ಯ ಹೇಳುವುದಿಲ್ಲ. ಇಬ್ಬರಿಗೂ ಮದುವೆಯಾಗಿದ್ದರೆ ಇದೊಂದು ಅನುಕೂಲವೇ. ನಮಗೆ ‘ಅನ್ನು’ ಇದೆ ಅಂತ ಬೀಗಬೇಡಿ. ಆತುರದಲ್ಲಿ ಅದನ್ನು ನುಂಗಿ ‘ಹುಲಿ ಕೊಂದ ಬೇಟೆಗಾರ’ ಅಂದುಬಿಡುತ್ತೀರಿ. ಹಾರ ತಂದವರು ಏನು ಮಾಡಬೇಕು? ಕೊರಳಿಗೆ ಹಾಕುವುದೋ, ಫೋಟೋಗೋ?